ಯೂನಿಫಾರ್ಮಿಗೆ ಗಂಜಿ ಹಾಕಿದವರು ಯಾರು?

ಲಮಾರ್: ಬೇಕಾದವರನ್ನ ಕರೆದು ಸ್ಕಾಲರ್‌ಶಿಪ್ ಕೊಡ್ತಾರೆ ಕಣೇ. ನಿನಗೆ ಕೊಟ್ಟಿಲ್ಲ ಅಂದ್ರೆ ಏನರ್ಥ? ಆರ್ಮಿ ನಿನ್ನನ್ನ ಕರೆದಿಲ್ಲ. ಕರೆಯದ ಮದುವೆಗೆ ಹೋಗಿ ಮುಂದಿನ ಸಾಲಲ್ಲಿ ಕೂತ ಹಾಗಾಯ್ತು.

ಕೊರಿನ್: ಕರೆಯದೆ ಹೋದ್ರೂ ಹೊರಗೆ ದಬ್ಬಿಲ್ಲವಲ್ಲ ಅಪ್ಪ. ಕಾಲೇಜಲ್ಲಿ ಆರ್ಮಿ ನಡೆಸೋ ಆಫೀಸರ್ ತರಬೇತಿಗೆ ಮೊದಲ ಎರಡು ವರ್ಷ ಸ್ಕಾಲರ್‌ಶಿಪ್ ಇಲ್ಲದವರೂ ಸೇರಬಹುದು. ಕ್ಲಾಸು ಅದೇ, ಓಟ ಅದೇ, ಬೈಗುಳ ಅದೇ. ಚೆನ್ನಾಗಿ ಮಾಡಿದ್ರೆ ಮೂರನೇ ವರ್ಷ ಒಪ್ಪಂದಕ್ಕೆ ಸಹಿ ಹಾಕಿಸ್ಕೊಳ್ತಾರೆ. ಕಾಲೇಜು ಮುಗಿದ ದಿನ ನಾನು ಆಫೀಸರ್.

ಲಮಾರ್: ಅಲ್ಲೀವರೆಗೆ?

ಕೊರಿನ್: ಅಲ್ಲೀವರೆಗೆ ಬಿಟ್ಟಿ ಬೆವರು.

ವರ್ನೀಡಾ: ಬಿಟ್ಟಿ ಬೆವರಿಗೆ ಹೆದರೋ ಹೆಂಗಸರು ಈ ಮನೇಲಿಲ್ಲ. ಮುಂದಕ್ಕೆ ಹೇಳು.

(ಜಾರ್ಜಿಯಾದ ಒಂದು ಸಣ್ಣ ಊರು, ಶನಿವಾರ ಮಧ್ಯಾಹ್ನ, ಟಾಲಿವರ್ ಕುಟುಂಬದ ಅಡುಗೆಮನೆ. ಲಮಾರ್ ಎಂಟು ವರ್ಷ ಸೈನ್ಯದಲ್ಲಿದ್ದು ಸಾರ್ಜೆಂಟ್ ಆಗಿ ಹೊರಬಂದವನು, ಈಗ ಟೈರಿನ ಗೋದಾಮಿನಲ್ಲಿ ಕೆಲಸ. ಅವನ ಹೆಂಡತಿ ವರ್ನೀಡಾ ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿ ಮುಗಿಸಿ ಮಲಗಿದ್ದು, ಈಗಷ್ಟೇ ಎದ್ದು ಕಾಫಿ ಹಿಡಿದು ಕೂತಿದ್ದಾಳೆ. ಮಗಳು ಕೊರಿನ್ ಊರಿನ ಕಾಲೇಜಿನಲ್ಲಿ ಮೊದಲ ವರ್ಷ. ಪಕ್ಕದ ಕೋಣೆಯಲ್ಲಿ ಲಮಾರನ ತಾಯಿ. ಮಂಡಿನೋವಿನಿಂದ ಹಾಸಿಗೆ ಹಿಡಿದಿದ್ದರೂ ಕಿವಿ ಮಾತ್ರ ಓಡಾಡಿಕೊಂಡಿದೆ.)

ಕೊರಿನ್: ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಆರಕ್ಕೆ ಮೈದಾನದಲ್ಲಿ ಹಾಜರಿ. ಎರಡು ಸಲ ತಡವಾಗಿ ಹೋಗಿದೀನಿ. ಮೂರನೇ ಸಲ ತಡವಾದ್ರೆ ಬರೋದೇ ಬೇಡ ಅಂದಿದಾರೆ. ಅಂದ್ರೆ ಐದೂಕಾಲಿಗೆ ಮನೆ ಬಿಡಬೇಕು.

ಲಮಾರ್: ಬಿಡು. ಬೇಡ ಅಂದವರು ಯಾರು?

ಕೊರಿನ್: ಅಜ್ಜಿಗೆ ನುಚ್ಚು ಬೇಯಿಸೋದು ಐದೂವರೆಗೆ. ಮಾತ್ರೆ ಅದಾದ ಮೇಲೆ. ನಿನ್ನ ಊಟದ ಡಬ್ಬಿ ಅದೂ ಆದ ಮೇಲೆ. ಅಮ್ಮ ಬರೋದು ಏಳಕ್ಕೆ. ಆ ಮೂರು ದಿನ ನೀನು ಮಾಡಿದ್ರೆ ಸಾಕು.

ಲಮಾರ್: ಸ್ಕಾಲರ್‌ಶಿಪ್ ಸಿಕ್ಕಿದ್ರೆ ಖಂಡಿತ ಮಾಡ್ತಿದ್ದೆ.

ಕೊರಿನ್: ಸ್ಕಾಲರ್‌ಶಿಪ್ಪಿಗೂ ನಿನ್ನ ಸ್ಯಾಂಡ್‌ವಿಚ್ಚಿಗೂ ಏನಪ್ಪ ಸಂಬಂಧ?

ಲಮಾರ್: ತತ್ವದ ಪ್ರಶ್ನೆ.

ವರ್ನೀಡಾ: ತತ್ವಕ್ಕೆ ಸಾಸಿವೆ ಸಾಸ್ ಸವರಿ ಡಬ್ಬೀಲಿ ಹಾಕಿ ಕಳಿಸು. ಮಧ್ಯಾಹ್ನ ತಿಂದುಕೊಳ್ಳಲಿ.

ಲಮಾರ್: ನೀನು ನಗಬಹುದು ವರ್ನೀಡಾ. ಆದ್ರೆ ಮನೆಕೆಲಸ ನನ್ನ ಕೈಗೆ ಹತ್ತಲ್ಲ. ಮಾಡಬಾರದು ಅಂತಲ್ಲ, ಬರಲ್ಲ. ಒಲೆ ಮುಂದೆ ನಿಂತ್ರೆ ಏನು ಎಲ್ಲಿದೆ ಅಂತಾನೇ ತಿಳಿಯಲ್ಲ. ಇಸ್ತ್ರಿಪೆಟ್ಟಿಗೆ ಕಥೆ ನಿನಗೇ ಗೊತ್ತು.

ವರ್ನೀಡಾ: ಗೊತ್ತಿಲ್ಲದೆ ಏನು? ಮದುವೆಯಾದ ಮೂರನೇ ದಿನ ನೀನು ಚರ್ಚಿಗೆ ಹೋಗೋ ಅಂಗಿ ಕಾಲರ್ ಸುಟ್ಟು, ಸತ್ತ ಪಾರಿವಾಳ ಹಿಡಿದ ಹಾಗೆ ಎರಡು ಕೈಲಿ ಹಿಡ್ಕೊಂಡು ಬಂದಿದ್ದೆ. ಪಾಪ ಅನ್ನಿಸ್ತು. ಅವತ್ತಿಂದ ನಾನೇ ಮಾಡ್ತಾ ಬಂದೆ.

ಕೊರಿನ್: ಸೈನ್ಯದಲ್ಲಿದ್ದಾಗ ಯಾರು ಮಾಡ್ತಿದ್ರು?

ಲಮಾರ್: ಕ್ಯಾಂಪಿನ ಗೇಟಿನ ಹೊರಗೆ ಒಂದು ಇಸ್ತ್ರಿ ಅಂಗಡಿ ಇತ್ತು. ಅವರು.

(ಕೊರಿನ್ ಎದ್ದು, ಸೋಮವಾರದ ಸಮವಸ್ತ್ರ ಒಣಗಿದೆಯೇ ನೋಡಲು ಹಿತ್ತಿಲ ಕೋಣೆಗೆ ಹೋಗುತ್ತಾಳೆ. ವಾಪಸು ಬರುವಾಗ ಅಂಗಿಯನ್ನು ಹಲಗೆಯಂತೆ ಕಂಕುಳಲ್ಲಿ ಇಟ್ಟುಕೊಂಡಿದ್ದಾಳೆ. ಕುರ್ಚಿಯ ಮೇಲಿಟ್ಟರೆ ಅಂಗಿ ತಾನೇ ಬೆನ್ನು ನೆಟ್ಟಗೆ ಮಾಡಿ ಕೂರುತ್ತದೆ.)

ಕೊರಿನ್: ಅಮ್ಮಾ, ಇದಕ್ಕೆ ಗಂಜಿ ಹಾಕಿ ಇಸ್ತ್ರಿ ಮಾಡಿದ್ಯಾ?

ವರ್ನೀಡಾ: ನಾನಾ? ಏಳಕ್ಕೆ ಬಂದು ಶೂ ಕೂಡ ಬಿಚ್ಚದೆ ಬಿದ್ದವಳು ನಾನು.

ಕೊರಿನ್: ಮತ್ತೆ ಅಜ್ಜಿ?

ಅಜ್ಜಿ (ಒಳಗಿನಿಂದ): ನಾನು ಎದ್ದು ನಿಂತರೇ ಸುದ್ದಿ. ಇನ್ನು ಇಸ್ತ್ರಿ ಮಾಡ್ತೀನಾ?

(ತಾಯಿ ಮಗಳು ಇಬ್ಬರೂ ನಿಧಾನವಾಗಿ ಲಮಾರನ ಕಡೆ ತಿರುಗುತ್ತಾರೆ. ಅವನು ಖಾಲಿ ಕಾಫಿ ಬಟ್ಟಲಿನ ತಳದಲ್ಲಿ ಏನನ್ನೋ ಓದುತ್ತಿದ್ದಾನೆ.)

ಲಮಾರ್: ಗಂಜಿ ಹಾಕಿದ್ರೆ ತಪ್ಪೇನು? ಹಾಕಿದವರು ಯಾರೋ ಒಳ್ಳೇದಕ್ಕೇ ಹಾಕಿರ್ತಾರೆ.

ಕೊರಿನ್: ಇದು ನಿಮ್ಮ ಕಾಲದ ಬಟ್ಟೆ ಅಲ್ಲ ಅಪ್ಪ. ಒಳಗಡೆ ಲೇಬಲ್ಲಲ್ಲೇ ಬರೆದಿದಾರೆ, ಗಂಜಿ ಹಾಕಬಾರದು ಅಂತ. ಹಾಕಿದ್ರೆ ಕತ್ತಲಲ್ಲಿ ನೋಡೋ ದುರ್ಬೀನಿಗೆ ಬಟ್ಟೆ ಎದ್ದು ಕಾಣುತ್ತಂತೆ. ಶತ್ರು ಬೇರೆ ಯಾರನ್ನೂ ಹುಡುಕೋದೇ ಬೇಡ, ಸೀದಾ ನನಗೇ ಹೊಡೀತಾನೆ.

ಲಮಾರ್: ಲೇಬಲ್ ಓದಿ ಸೈನ್ಯ ನಡೆಸ್ತಾರೇನು ಈಗ? ನಮ್ಮ ಕಾಲದಲ್ಲಿ ಪ್ಯಾಂಟನ್ನ ಗೋಡೆಗೆ ಒರಗಿಸಿ ನಿಲ್ಲಿಸ್ತಿದ್ವಿ. ಕಾಲು ತೂರಿಸಿದ್ರೆ ಪರಪರ ಅಂತ ಸದ್ದಾಗಬೇಕು. ಅರ್ಧ ಒದ್ದೆ ಇರುವಾಗಲೇ ಗಂಜಿ ಹಾಕಬೇಕು, ಮೊದಲು ಒಳಮಗ್ಗಲಿಂದ ಒಂದು ಸಲ ತಿಕ್ಕಬೇಕು, ಆಮೇಲೆ ತೋಳಿನ ಗೆರೆ ಹೊಲಿಗೆಗೆ ಸರಿಯಾಗಿ...

(ನಿಲ್ಲಿಸುತ್ತಾನೆ. ತಡವಾಗಿದೆ.)

ವರ್ನೀಡಾ: ಹೇಳು, ಹೇಳು. ನಿಲ್ಲಿಸ್ತಿದ್ವಿ ಅಂದ್ಯಲ್ಲ, ಯಾರು? ನೀನೂ ಗೇಟಿನ ಅಂಗಡಿಯವರೂನಾ?

ಲಮಾರ್: ಮಾತಿಗೆ ಅಂದೆ.

(ವರ್ನೀಡಾ ಎದ್ದು ಬಂದು ತೋಳಿನ ಗೆರೆಯ ಮೇಲೆ ಬೆರಳಾಡಿಸುತ್ತಾಳೆ. ಆ ಗೆರೆಯಲ್ಲಿ ಪೀಚ್ ಹಣ್ಣು ಹೆಚ್ಚಬಹುದು.)

ವರ್ನೀಡಾ: ಇಪ್ಪತ್ತು ವರ್ಷದಿಂದ ಇಸ್ತ್ರಿ ಮಾಡ್ತಿದೀನಿ. ನನಗೇ ಇಂಥ ಗೆರೆ ಒಂದು ದಿನಾನೂ ಬಂದಿಲ್ಲ. ಲಮಾರ್, ಆ ಕಾಲರ್ ಹೇಗೆ ಸುಟ್ಟಿತ್ತು?

ಲಮಾರ್: ಕೈ ತಪ್ಪಿ.

ವರ್ನೀಡಾ: ಎಷ್ಟು ಹೊತ್ತು ಪೆಟ್ಟಿಗೆ ಒತ್ತಿ ಹಿಡಿದಿದ್ದೆ ಕೈ ತಪ್ಪೋಕೆ?

ಲಮಾರ್: ಹಳೇ ವಿಷಯ ಯಾಕೆ ಈಗ? ಹುಡುಗಿ ಭವಿಷ್ಯದ ಮಾತು ನಡೀತಿದೆ.

ವರ್ನೀಡಾ: ಅದನ್ನೇ ಮಾತಾಡ್ತಿದೀನಿ. ಇಸ್ತ್ರಿ ಬರಲ್ಲ ಅಂದಿದ್ದು ಹೀಗಾಯ್ತು. ಒಲೇನೂ ಬರಲ್ಲ ಅಂದೆ.

ಅಜ್ಜಿ (ಒಳಗಿನಿಂದ): ಸೈನ್ಯ ಸೇರಿದ ವರ್ಷ ಅಡುಗೆಮನೆಗೇ ಹಾಕಿದ್ರಲ್ಲ ಅವನನ್ನ. ಇನ್ನೂರು ಜನಕ್ಕೆ ನುಚ್ಚು ಬೇಯಿಸ್ತೀನಿ ಅಮ್ಮಾ, ಒಂದು ಗಂಟೂ ಇರಲ್ಲ ಅಂತ ಕಾಗದ ಬರೀತಿದ್ದ. ಕೊರಿನ್ ಕಂದಾ, ಬೇಜಾರು ಮಾಡ್ಕೋಬೇಡ, ನಿನ್ನ ನುಚ್ಚಲ್ಲಿ ಗಂಟಿರುತ್ತೆ.

ಲಮಾರ್: ಅಮ್ಮಾ, ನೀನು ಯಾರ ಕಡೆ?

ಅಜ್ಜಿ: ಗಂಟಿಲ್ಲದ ನುಚ್ಚಿನ ಕಡೆ.

(ವರ್ನೀಡಾ ನಗುವುದಿಲ್ಲ. ಒಳಗೆ ಹೋಗುತ್ತಾಳೆ. ಕೋಣೆಯಲ್ಲಿ ಕಪಾಟು ತೆಗೆದ ಸದ್ದು. ಅಪ್ಪ, ಮಗಳು, ಮಧ್ಯದಲ್ಲಿ ಸೆಟೆದು ಕೂತ ಅಂಗಿ.)

ಕೊರಿನ್: ಒಂದು ಕೇಳ್ತೀನಿ. ಆರ್ಮಿ ನನ್ನನ್ನ ಕರೆದೇ ಇಲ್ಲ ಅಂತೀಯ. ಮತ್ತೆ ನಾನಿಲ್ಲದಾಗ ಕೂತು ಇದನ್ನ ಯಾಕೆ ಇಸ್ತ್ರಿ ಮಾಡಿದೆ?

(ಲಮಾರ್ ಅಂಗಿಯ ಎದೆಯ ಮೇಲಿನ ‘ಟಾಲಿವರ್’ ಎಂಬ ಪಟ್ಟಿಯನ್ನು ನೋಡುತ್ತಾನೆ. ಅದೊಂದನ್ನು ಅವನು ನೇರ ಮಾಡಬೇಕಿಲ್ಲ, ಆದರೂ ಮಾಡುತ್ತಾನೆ.)

ಲಮಾರ್: ಕರೆಯದೆ ಹೋಗ್ತಿದೀಯ. ಕರೆದವರ ಪಕ್ಕ ನಿಂತಾಗ ಅವರಿಗಿಂತ ಚೆನ್ನಾಗಿ ಕಾಣಲಿ ಅಂತ.

ಕೊರಿನ್: ಅಪ್ಪ, ಆಫೀಸರ್ ಆದ ದಿನ ಮೊದಲ ಸೆಲ್ಯೂಟನ್ನ ಒಬ್ಬ ಸಾರ್ಜೆಂಟ್ ಹೊಡೀತಾನಲ್ಲ, ಆ ಜಾಗಕ್ಕೆ ನಿನ್ನ ಹೆಸರು ಇಟ್ಕೊಂಡಿದೀನಿ. ಆದ್ರೆ ಸೋಮವಾರ ತಡವಾದ್ರೆ ಸೆಲ್ಯೂಟೂ ಇಲ್ಲ, ಏನೂ ಇಲ್ಲ.

(ಲಮಾರ್ ಎದ್ದು ನಿಲ್ಲುತ್ತಾನೆ. ಕುರ್ಚಿಯಲ್ಲಿದ್ದ ಅಂಗಿಯಷ್ಟೇ ನೆಟ್ಟಗಾಗುತ್ತಾನೆ.)

ಲಮಾರ್: ಸಾರ್ಜೆಂಟಿಗೆ ಎಷ್ಟು ಹೊತ್ತಿಗೆ ಹಾಜರಿ?

ಕೊರಿನ್: ಐದಕ್ಕೆ, ಒಲೆ ಮುಂದೆ. ಅಜ್ಜಿ ನುಚ್ಚಿಗೆ ಉಪ್ಪು ಕಡಿಮೆ. ಮೂರೇ ದಿನ.

(ವರ್ನೀಡಾ ಬಾಗಿಲಲ್ಲಿ ಕಾಣಿಸಿಕೊಳ್ಳುತ್ತಾಳೆ. ಮುಖ ಕಾಣುವುದಿಲ್ಲ, ಎರಡು ತೋಳಿನ ತುಂಬ ಬಟ್ಟೆ.)

ವರ್ನೀಡಾ: ಐದು ದಿನ. ಮಂಗಳವಾರ, ಗುರುವಾರ ಅವಳು ಮಲಗಿರ್ತಾಳೆ.

ಲಮಾರ್: ಸರಿ, ಐದು ದಿನ. ಈಗ ಈ ಅಂಗೀನ ಏನು ಮಾಡೋದು?

ವರ್ನೀಡಾ: ನೀನೇ ನೆನೆಹಾಕಿ, ಗಂಜಿ ಬಿಡಿಸಿ, ಒಣಗಿಸು. ಒಣಗೋವರೆಗೆ ಸುಮ್ನೆ ಕೂತ್ರೆ ನಿನಗೆ ಬೇಜಾರಾಗುತ್ತೆ.

(ವೃದ್ಧಾಶ್ರಮದ ತನ್ನ ಏಳು ಕೆಲಸದ ಅಂಗಿಗಳನ್ನು ಅವನ ಮುಂದೆ ಮೇಜಿನ ಮೇಲೆ ಸುರಿದು, ಕಾಫಿ ಬಟ್ಟಲು ಎತ್ತಿಕೊಳ್ಳುತ್ತಾಳೆ.)

ವರ್ನೀಡಾ: ಇವಕ್ಕೆ ಗಂಜಿ ಹಾಕಬಹುದು. ಲೇಬಲ್ ಓದಿದೀನಿ.