ಹಿತ್ತಲಲ್ಲಿ ಸಿಕ್ಕ ರಾಣಿಯ ಚಿನ್ನ

ಬಟ್ಟೆ ಒಣಹಾಕುವ ಕಂಬ ಗಾಳಿಗೆ ಬಿದ್ದದ್ದೇ ಎಲ್ಲಕ್ಕೂ ಕಾರಣ.

"ಬೇಗ ನೆಟ್ಟುಬಿಡು ಡೆಸ್ಮಂಡ್. ಒದ್ದೆ ಚಾದರ ಹಿಡ್ಕೊಂಡು ನಾನೇ ಕಂಬದ ಹಾಗೆ ನಿಲ್ಲೋಕಾಗಲ್ಲ," ಎಂದಳು ಹೆಂಡತಿ ಬೆರಿಲ್.

ಡೆಸ್ಮಂಡ್ ಗ್ಯಾರಡ್ ಗುದ್ದಲಿ ಹಿಡಿದು ಇಂಗ್ಲೆಂಡಿನ ಸಫೋಕ್‌ನ ತನ್ನ ಪುಟ್ಟ ಹಿತ್ತಲಿಗಿಳಿದ. ಸ್ವಲ್ಪ ಅಗೆಯುವಷ್ಟರಲ್ಲಿ ಮಣ್ಣಿನ ಹೆಂಟೆಯೊಳಗೆ ಏನೋ ಮಿಂಚಿತು. ಬೆರಳಿನಿಂದ ಒರೆಸಿದವನು ಹಾಗೇ ಮಂಡಿಯೂರಿದ. ತಲೆ ಮೇಲಿನ ಟೋಪಿ ತಾನಾಗಿ ಕೈಗೆ ಬಂತು.

ಮೊದಲನೇ ಎಲಿಜಬೆತ್ ರಾಣಿಯ ಕಾಲದ ನಾಣ್ಯಗಳೆಂದರೆ ಅವನಿಗೆ ಪ್ರಾಣ. ಆದರೆ ಇಷ್ಟು ವರ್ಷ ಕೂಡಿಸಿದ್ದೆಲ್ಲ ರಾಣಿಯ ಮೂಗು ಸವೆದ ಬೆಳ್ಳಿ ಬಿಲ್ಲೆಗಳು. ಚಿನ್ನದ 'ಏಂಜೆಲ್' ನಾಣ್ಯವನ್ನು ಮ್ಯೂಸಿಯಂನ ಗಾಜಿಗೆ ಮೂಗೊತ್ತಿ ನೋಡಿದ್ದನಷ್ಟೆ. ಗಾಜು ಒರೆಸಲು ಕಾವಲುಗಾರ ಇವನು ಹೋಗುವುದನ್ನೇ ಕಾಯುತ್ತಿದ್ದ.

ಈಗ ಅದು ಅಂಗೈ ಮೇಲಿತ್ತು. ಒಂದು ಬದಿಯಲ್ಲಿ ಡ್ರ್ಯಾಗನ್ನನ್ನು ಮೆಟ್ಟಿ ನಿಂತ ದೇವದೂತ, ಇನ್ನೊಂದು ಬದಿಯಲ್ಲಿ ಅಲೆಗಳ ಮೇಲೆ ಹಡಗು. ನಾನೂರಕ್ಕೂ ಹೆಚ್ಚು ವರ್ಷ ಮಣ್ಣಲ್ಲಿ ಮಲಗಿದ್ದರೂ ನಿನ್ನೆ ಟಂಕಸಾಲೆಯಿಂದ ಬಂದಂತೆ ಹೊಳೆಯುತ್ತಿತ್ತು. ಯಾರ ಕೈಯಿಂದ ಜಾರಿತ್ತೋ, ಆ ಜೀವ ಎಷ್ಟು ಹುಡುಕಿತ್ತೋ!

"ಏನ್ ಮಾರಾಯ, ಸೊಂಟ ಹಿಡ್ಕೊಳ್ತಾ?"

ಬೇಲಿಯ ಮೇಲೆ ಪಕ್ಕದ ಮನೆಯ ನಾರ್ಮನ್‌ನ ತಲೆ ಮೂಡಿತ್ತು. ನಾಣ್ಯ ಕಂಡದ್ದೇ, ಎಂದೂ ಮುಚ್ಚದ ಅವನ ಬಾಯಿ ಮುಚ್ಚಿತು. ಹೆಚ್ಚು ಹೊತ್ತೇನಲ್ಲ.

"ಮ್ಯೂಸಿಯಮ್ಮಿಗೆ ತಿಳಿಸ್ಬೇಕಪ್ಪ! ಇಲ್ದಿದ್ರೆ ಜೈಲು!" ಎಂದವನು ತಾನೇ ಫೋನ್ ಮಾಡಿಬಿಟ್ಟ.

ಮ್ಯೂಸಿಯಂನಿಂದ ಫಿಲಿಪಾ ಎಂಬಾಕೆ ಬರುವತನಕ ಡೆಸ್ಮಂಡ್ ನಾಣ್ಯವನ್ನು ಕರವಸ್ತ್ರದಲ್ಲಿ ಸುತ್ತಿ, ಬಿಚ್ಚಿ, ಮತ್ತೆ ಸುತ್ತುತ್ತಿದ್ದ. ಅಡುಗೆಮನೆಯ ಮೇಜಿನೆದುರು ಕೂತು ನಾಣ್ಯ ಎತ್ತಿಕೊಂಡ ಆಕೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಲೇ ಇದ್ದಳು. ಬೆರಿಲ್ ಕೊಟ್ಟ ಚಹಾ ಆರಿಹೋಯಿತು.

"ಅಬ್ಬಾ, ಎಂಥಾ ಚೆಂದ!" ಎಂದಳು ಕೊನೆಗೆ, ಪಿಸುದನಿಯಲ್ಲಿ.

"ತಗೊಂಡ್ ಹೋಗ್ತೀರಾ?" ಎಂದು ಕೇಳಿದ ಡೆಸ್ಮಂಡ್.

"ಯಾಕೆ ಸರ್? ನಿಮ್ಮ ಹಿತ್ತಲು, ಒಂಟಿ ನಾಣ್ಯ. ಕಾನೂನಿನ ಲೆಕ್ಕಕ್ಕೆ ಒಂಟಿ ನಾಣ್ಯ ನಿಧಿ ಅಲ್ಲ. ನಿಮ್ದೇ, ಇಟ್ಕೊಳ್ಳಿ."

ಡೆಸ್ಮಂಡ್ ಪರರ ಎದುರಿಗೇ ಬೆರಿಲ್‌ಗೆ ಮುತ್ತು ಕೊಟ್ಟ. ಮದುವೆಯ ದಿನ ಬಿಟ್ಟರೆ ಅಂಥ ಅನಾಹುತ ಆ ಮನೆಯಲ್ಲಿ ನಡೆದಿರಲಿಲ್ಲ.

ಅಷ್ಟರಲ್ಲಿ ಹಿಂಬಾಗಿಲು ದಡಾರನೆ ತೆರೆಯಿತು. ಮೊಣಕೈತನಕ ಕೆಸರು, ಮುಖ ಹುಣ್ಣಿಮೆ ಚಂದ್ರ: ನಾರ್ಮನ್!

"ನೀನು ಇಲ್ಲಿ ಮಾತಾಡ್ತಿದ್ಯಲ್ಲಾ, ಪಾಪ ಅಂತ ಕಂಬದ ಗುಂಡಿ ನಾನೇ ಅಗೆದೆ. ನಿನ್ನ ಅದೃಷ್ಟ ನೋಡೋ!"

ಅವನ ಅಂಗೈಯಲ್ಲಿ ಇನ್ನೊಂದು ದೇವದೂತನ ನಾಣ್ಯ ಧಗಧಗ ಹೊಳೆಯುತ್ತಿತ್ತು.

ಫಿಲಿಪಾ ಕಣ್ಣು ಮುಚ್ಚಿ ತೆರೆದಳು. "ಎರಡಾದ್ರೆ ನಿಧಿ, ಸರ್. ಎರಡನ್ನೂ ಒಪ್ಪಿಸ್ಲೇಬೇಕು. ಪರಿಹಾರ ಸಿಗಬಹುದು. ಆದ್ರೆ ಇಷ್ಟು ಚೆನ್ನಾಗಿರೋ ಜೋಡಿನ ನಮ್ಮ ಮ್ಯೂಸಿಯಂ ಖಂಡಿತ ಬಿಡಲ್ಲ."

"ನಂಗೆ ದುಡ್ಡು ಬೇಡಮ್ಮ," ಎಂದ ಡೆಸ್ಮಂಡ್. ತನ್ನ ನಾಣ್ಯವನ್ನು ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಮ್ಮೆ ಕಣ್ತುಂಬ ನೋಡಿ, ಮಲಗಿದ ಮಗುವನ್ನು ಕೊಡುವಂತೆ ಆಕೆಯ ಕೈಗಿಟ್ಟ.

"ಇಷ್ಟೆಲ್ಲಾ ಕಷ್ಟಪಟ್ಟಿದ್ದಕ್ಕೆ ಒಂದ್ ಥ್ಯಾಂಕ್ಸೂ ಇಲ್ವಾ?" ನಾರ್ಮನ್ ಬಾಗಿಲಲ್ಲೇ ನಿಂತಿದ್ದ.

ಬೆರಿಲ್ ಗಂಡನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಥ್ಯಾಂಕ್ಸ್, ನಾರ್ಮನ್," ಎಂದ ಡೆಸ್ಮಂಡ್, ಹಲ್ಲು ಕಚ್ಚಿಕೊಂಡು.

"ಅಯ್ಯೋ, ಅದಕ್ಕೇನಂತೆ ಬಿಡು! ಇನ್ನೂ ಸ್ವಲ್ಪ ಅಗೀಲಾ?"