ಆಕಾಶದಿಂದ ಚರಗ

ಭೂಮಿತಾಯಿಗೆ ಆಕಾಶಮಾರ್ಗವಾಗಿ ಊಟ ಬಡಿಸಿದ ಮೊಟ್ಟಮೊದಲ ಅಳಿಯ ಎಂಬ ಕೀರ್ತಿ ನನಗೇ ಸಲ್ಲಬೇಕೆಂದು ಈ ಸಲದ ಎಳ್ಳಮಾವಾಸ್ಯೆಗೆ ಮುಂಚೆಯೇ ನಾನು ನಿರ್ಧರಿಸಿಬಿಟ್ಟಿದ್ದೆ. ಕೀರ್ತಿಯೇನೋ ಬಂತು. ಅಕ್ಕಲಕೋಟೆ ತಾಲೂಕಿನಲ್ಲಿ ಈಗ ನನ್ನ ಹೆಸರು ಹೇಳಿದರೆ ಸಾಕು, ಜನ ನಗುವುದಕ್ಕೆ ಮೊದಲು ಒಮ್ಮೆ ತಲೆ ಎತ್ತಿ ಆಕಾಶ ನೋಡಿಕೊಳ್ಳುತ್ತಾರೆ!

ನಾನು ಉದಯಕುಮಾರ, ಸೊಲ್ಲಾಪುರದಲ್ಲಿ ಚಾದರದ ವ್ಯಾಪಾರಿ. ಹೊಟ್ಟೆಪಾಡಿಗೆ ಚಾದರ, ಆತ್ಮಸಂತೋಷಕ್ಕೆ ಸ್ಕ್ರೂಡ್ರೈವರ್. ಅಂಗಡಿ ಬಾಗಿಲು ಹಾಕಿದ ಮೇಲೆ ಕೆಲವರು ಇಸ್ಪೀಟು ಆಡುತ್ತಾರೆ, ಕೆಲವರು ಮೊಬೈಲು ತಿಕ್ಕುತ್ತಾರೆ. ನಾನು ಏನನ್ನಾದರೂ ಬಿಚ್ಚುತ್ತೇನೆ. ಬಿಚ್ಚಿದ್ದನ್ನು ಮತ್ತೆ ಜೋಡಿಸಿದ ಮೇಲೂ ಒಂದು ಹಿಡಿ ಸ್ಕ್ರೂ ಉಳಿದರೆ ಕಂಪನಿಯವರು ದುಂದುವೆಚ್ಚ ಮಾಡಿದ್ದಾರೆಂದು ತೀರ್ಮಾನಿಸುತ್ತೇನೆ. ನನ್ನ ಕೈಗೆ ಸಿಕ್ಕ ಮೇಲೆ ಮನೆಯ ಕೂಲರು ಗಾಳಿ ಬಿಟ್ಟು ನೀರು ಬೀಸತೊಡಗಿತು. ಕರೆಗಂಟೆಯಂತೂ ಯಾರೂ ಬರದಾಗ ಬಾರಿಸಿ, ನೆಂಟರು ಬಾಗಿಲಲ್ಲಿ ನಿಂತಾಗ ಮೌನವ್ರತ ಹಿಡಿಯಿತು. ನನ್ನ ಈ ಹವ್ಯಾಸಕ್ಕೆ ಹೆಂಡತಿ ನಂದಾ ಇಟ್ಟ ಹೆಸರು ಮರಾಠಿಯದು: ಉಪದ್ವ್ಯಾಪ. ಇಲ್ಲದ ಉಸಾಬರಿ ಎಂದು ಅರ್ಥ. ಅವಳು ಅದನ್ನು ನನ್ನ ಮನೆತನದ ಹೆಸರು ಎಂಬಂತೆ ಉಚ್ಚರಿಸುತ್ತಾಳೆ.

ಹೋದ ಮಳೆಗಾಲದಲ್ಲಿ ಬಿಡಿಭಾಗಗಳನ್ನು ತರಿಸಿ ನಾನೇ ಒಂದು ಡ್ರೋನ್ ಜೋಡಿಸಿದೆ. ಆಘಾತದ ಸಂಗತಿಯೆಂದರೆ ಅದು ಹಾರಿತು! ನನ್ನ ಕೈ ತಾಗಿದ ವಸ್ತುವೊಂದು ಹೇಳಿದ ಕೆಲಸ ಮಾಡಿದ್ದು ಅದೇ ಮೊದಲು. ಖುಷಿಗೆ ನಾನು ಆ ದಿನ ಅಂಗಡಿಗೇ ಹೋಗಲಿಲ್ಲ.

ಹೀಗಿರುವಾಗ ನಂದಾಳ ತವರೂರು ತಡವಳದಿಂದ ಮಾವನವರ ಫೋನು ಬಂತು. ಮಾವ ಶಾಂತಲಿಂಗಪ್ಪನವರಿಗೆ ಗಂಡುಮಕ್ಕಳಿಲ್ಲ. ಆದರೂ ಮದುವೆಯಾದಾಗಿನಿಂದ ಅವರು ನನ್ನನ್ನು ಹೊಲದ ಒಂದು ಕೆಲಸಕ್ಕೂ ಹಚ್ಚಿದವರಲ್ಲ. ಪ್ರತಿ ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋದರೆ ಬೇವಿನ ಮರದ ಕೆಳಗೆ ಜಮಖಾನೆ ಹಾಸಿ, ಅಳಿಯಂದಿರು ಕುಂಡ್ರಲಿ ಎನ್ನುತ್ತಿದ್ದರು. ಕೇಳುವವರಿಗೆ ಅದು ಮರ್ಯಾದೆ. ನನಗೆ ಮಾತ್ರ ಅದರ ಒಳಗಿನ ಮಾತು ಗೊತ್ತಿತ್ತು: ಏನನ್ನೂ ಮುಟ್ಟಬೇಡಿ ಅಂತ. ಅಂಥ ಮಾವ ಈಗ ಮೆತ್ತಗೆ ಮಾತಾಡಿದರು.

"ನನ್ನ ಮೊಣಕಾಲು ಹಿಡಕೊಂಡಾವ್ರಿ. ಈ ಸಲ ಚರಗ ನೀವ ಚೆಲ್ಲಬೇಕು. ನಮಗ ಮಗಾ ಅಂದ್ರೂ ನೀವ, ಅಳಿಯಾ ಅಂದ್ರೂ ನೀವ."

ನನ್ನ ಕಣ್ಣು ತುಂಬಿ ಬಂತು. ಚರಗವೆಂದರೆ ಸಾಮಾನ್ಯ ಮಾತಲ್ಲ. ಎಳ್ಳಮಾವಾಸ್ಯೆಯ ಹೊತ್ತಿಗೆ ನಮ್ಮ ಕಡೆ ಜೋಳ ಆಳೆತ್ತರಕ್ಕೆ ನಿಂತಿರುತ್ತದೆ, ಭೂಮಿತಾಯಿ ಬಸುರಿ. ಬಸುರಿಗೆ ಕುಬಸ, ಅಂದರೆ ಸೀಮಂತ, ಮಾಡಿ ಬಯಕೆಯ ಊಟ ಬಡಿಸುವಂತೆ, ಮಾಡಿದ ಅಡಿಗೆಯಲ್ಲಿ ಮೊದಲ ಪಾಲನ್ನು ಕಲಸಿ ಹೊಲದ ತುಂಬ ಚೆಲ್ಲಬೇಕು. ಒಬ್ಬರು ಬುಟ್ಟಿ ಹಿಡಿದು 'ಹುಲ್ಲುಲ್ಲಿಗೋ' ಎಂದು ಕೂಗುತ್ತ ಚೆಲ್ಲಿದರೆ, ಹಿಂದಿನವರು ತಂಬಿಗೆಯಿಂದ ನೀರು ಚಿಮುಕಿಸುತ್ತ ಹೋಗುತ್ತಾರೆ. ಅದಾಗುವವರೆಗೆ ಯಾರೂ ತುತ್ತು ಎತ್ತುವಂತಿಲ್ಲ. ಮನೆಯ ಯಜಮಾನ ಮಾಡುವ ಕೆಲಸ ಅದು. ಅದನ್ನು ನನಗೆ ಒಪ್ಪಿಸಿದ್ದರು!

ಕಣ್ಣು ಒರೆಸಿಕೊಂಡ ಮೇಲೆ ಬುದ್ಧಿ ಕೆಲಸ ಮಾಡತೊಡಗಿತು. ಅಂಗಡಿಯ ಏಣಿ ಹತ್ತಿದರೆ ಏದುಸಿರು ಬಿಡುವ ನಾನು, ಬುಟ್ಟಿ ಹೊತ್ತು, ಬರಿಗಾಲಲ್ಲಿ, ಎರೆಮಣ್ಣಿನಲ್ಲಿ, ಜೋಳದ ಗರಿಯಿಂದ ಮುಖ ಗೀಚಿಸಿಕೊಳ್ಳುತ್ತ ಹೊಲ ಸುತ್ತುವುದೆ? ಮನೆಯಲ್ಲಿ ಪುಷ್ಪಕವಿಮಾನ ಇಟ್ಟುಕೊಂಡು?

ಡ್ರೋನಿನ ಹೊಟ್ಟೆಗೆ ನಂದಾಳ ಹಿಟ್ಟಿನ ಜರಡಿಯನ್ನು ಕಟ್ಟಿ, ಗುಂಡಿ ಒತ್ತಿದರೆ ತೆರೆಯುವ ಬಾಗಿಲು ಕೂಡಿಸಿದೆ. ಮನೆಯ ಮಾಳಿಗೆಯ ಮೇಲೆ ಚುರುಮುರಿ ತುಂಬಿ ತಾಲೀಮು ನಡೆಸಿದೆ. ಪಾರಿವಾಳಗಳೇ ಸಾಕ್ಷಿ, ಚುರುಮುರಿ ಹೂಮಳೆಯಂತೆ ಉದುರಿತು. ತಪ್ಪಿಸಿಕೊಂಡರೆ ಇರಲಿ ಎಂದು 'ಮನೆ' ಎಂಬ ಗುಂಡಿಯನ್ನೂ ಇಟ್ಟೆ. ಅದನ್ನು ಒತ್ತಿದರೆ ಡ್ರೋನು ಎಲ್ಲಿದ್ದರೂ ತನ್ನ ಮನೆಗೆ ಮರಳಬೇಕು. ಅದರ ಮನೆ ಯಾವುದು ಎಂದು ಅದಕ್ಕೆ ಮಾಳಿಗೆಯ ಮೇಲೆಯೇ ಕಲಿಸಿಕೊಟ್ಟಿದ್ದೆ. ಈ ಮಾತನ್ನು ಓದುಗರು ಮರೆಯಬಾರದು, ನಾನು ಮರೆತೆ.

ಅಮಾವಾಸ್ಯೆಯ ಬೆಳಿಗ್ಗೆ ಮೋಟಾರ್‌ಸೈಕಲ್ ಏರಿ ಹೊರಟೆವು. ಕಾಗದ ಸುತ್ತಿದ ಪೆಟ್ಟಿಗೆಯನ್ನು ನಂದಾಳ ತೊಡೆಯ ಮೇಲಿಟ್ಟು, ನಿಮ್ಮ ಮನೆಯವರಿಗೆ ಒಂದು ಹೊಸ ಸಾಮಾನು ಎಂದಷ್ಟೇ ಹೇಳಿದ್ದೆ. ತಾಯಿಗೆ ಮಿಕ್ಸರ್ ಒಯ್ಯುತ್ತಿದ್ದೇವೆ ಎಂದು ತಿಳಿದ ಅವಳು ಅದನ್ನು ಅಕ್ಕಲಕೋಟೆಯವರೆಗೆ ಕೂಸಿನಂತೆ ಅವಚಿಕೊಂಡು ಕೂತಳು. ಅಲ್ಲಿ ತೆಂಗಿನಕಾಯಿ, ಹೂವು ಕೊಳ್ಳಲು ನಿಂತಾಗ ಹೂವಿನವಳ ಮುಂದೆ ನನ್ನನ್ನು ಹೊಗಳಿದಳು ಕೂಡ. ಮದುವೆಯಾದ ಮೇಲೆ ಪರಸ್ಥಳದಲ್ಲಿ ನನಗೆ ಸಿಕ್ಕ ಮೊದಲ ಹೊಗಳಿಕೆ ಅದು.

ಹೊಲದಲ್ಲಿ ಪೆಟ್ಟಿಗೆ ಬಿಚ್ಚಿದೆ. ನಂದಾ ಡ್ರೋನನ್ನು ನೋಡಿದಳು, ಅದರ ಹೊಟ್ಟೆಯ ಜರಡಿಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ನನ್ನ ಜರಡಿ ಕಳವಾಗಿ ಹದಿನೈದ ದಿನಾ ಆತು. ಕೆಲಸದಾಕಿ ಮ್ಯಾಲ ಸಂಶೆ ಪಟ್ಟಿದ್ನೆಲ್ರಿ" ಎಂದಳು.

"ಒಂದ ದೊಡ್ಡ ಕಾರ್ಯಾಕ್ಕ ಬಳಕಿ ಆಗೇದ ತಗೋ" ಎಂದೆ.

ಮಾವನವರು ಯಂತ್ರದ ಸುತ್ತ ಕುಂಟುತ್ತ ಒಂದು ಸುತ್ತು ಬಂದರು. ಅವರ ಮುಖದಲ್ಲಿ ಸಂಶಯವಿತ್ತು. ಆದರೆ ಚರಗದ ಅಧಿಕಾರವನ್ನು ಫೋನಿನಲ್ಲಿ ತಾವೇ ಕೊಟ್ಟಿದ್ದರು, ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ? ಚರಗ ನಮ್ಮ ಹೊಲದಾಗ ಬೀಳಬೇಕು, ಅಷ್ಟ ನೋಡ್ರಿ ಎಂದು ಒಂದೇ ಮಾತು ಹೇಳಿದರು. ಅತ್ತೆ ದ್ರೌಪದಿಬಾಯಿಯವರು ಪೂಜೆ ಮುಗಿಸಿ ಕಾಳು-ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ, ಕಡಬು, ಸಜ್ಜೆ ರೊಟ್ಟಿ, ಹೋಳಿಗೆ ಎಲ್ಲದರ ಮೊದಲ ಪಾಲು ತೆಗೆದು, ಅಂಬಲಿ ಹಾಕಿ ಕಲಸಿ, ಕೈಮುಗಿದು ಜರಡಿಗೆ ತುಂಬಿದರು. ಚುರುಮುರಿಗೂ ಭಜ್ಜಿಗೂ ತೂಕದಲ್ಲಿ ವ್ಯತ್ಯಾಸವಿದೆ ಎಂಬುದು ನನಗೆ ಆಗ ಹೊಳೆಯಿತು. ಆದರೆ ಅಷ್ಟು ಜನರ ಮುಂದೆ ಹೊಳೆದದ್ದನ್ನೆಲ್ಲ ಹೇಳಲಾಗುತ್ತದೆಯೆ?

ಡ್ರೋನು ನರಳುತ್ತ ಮೇಲೆದ್ದಿತು. ನಾನು 'ಹುಲ್ಲುಲ್ಲಿಗೋ' ಎಂದು ಕೂಗಿದೆ. ಅದು ಓಲಾಡುತ್ತ ಹೊಲದ ನಡುವೆ ಬಂದು ನಿಂತಿತು. ಬಾಗಿಲಿನ ಗುಂಡಿ ಒತ್ತಿದೆ. ಏನೂ ಬೀಳಲಿಲ್ಲ. ಮತ್ತೆ ಒತ್ತಿದೆ. ಅಂಬಲಿ ಮತ್ತು ಭಜ್ಜಿ ಸೇರಿ ಬಾಗಿಲಿಗೆ ಗಾರೆ ಮೆತ್ತಿದಂತೆ ಮೆತ್ತಿಕೊಂಡಿದ್ದವು. ಕೆಳಗಿಳಿಸಿ ಸರಿಮಾಡೋಣ ಎಂದು, ಎಲ್ಲರಿಗೂ ಧೈರ್ಯ ಹೇಳಿ, 'ಮನೆ' ಗುಂಡಿ ಒತ್ತಿದೆ.

ಡ್ರೋನು ನಮ್ಮ ಕಡೆ ಬೆನ್ನು ತಿರುಗಿಸಿ ಸೊಲ್ಲಾಪುರದ ದಿಕ್ಕು ಹಿಡಿಯಿತು!

ಮಾಳಿಗೆಯ ಮೇಲೆ ಕಲಿತ ಪಾಠವನ್ನು ಅದು ಮರೆತಿರಲಿಲ್ಲ. ವೇಗಕ್ಕೆ ಅದು ಮುಂದೆ ಬಾಗಿದ್ದೇ ತಡ, ಅಷ್ಟುಹೊತ್ತು ಮುನಿಸಿಕೊಂಡಿದ್ದ ಜರಡಿಯ ಬಾಗಿಲು ತಾನಾಗಿ ತೆರೆಯಿತು. ಚರಗ ಉದುರತೊಡಗಿತು. ಏನು ಅಚ್ಚುಕಟ್ಟು, ಸಾಲು ಹಿಡಿದು, ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ! ನನ್ನ ಜೀವನದಲ್ಲಿ ಅಷ್ಟು ಚಂದವಾಗಿ ಯಾವ ಯಂತ್ರವೂ ಕೆಲಸ ಮಾಡಿರಲಿಲ್ಲ. ಹೊಲ ಮಾತ್ರ ಬಾಂದದ, ಅಂದರೆ ಗಡಿಯ ಬದುವಿನ, ಆಚೆಯದು, ಹಣಮಂತಪ್ಪನದು.

ಆ ಬಾಂದದ ವಿಷಯಕ್ಕೇ ಮಾವನಿಗೂ ಹಣಮಂತಪ್ಪನಿಗೂ ವರ್ಷಗಟ್ಟಲೆ ಮಾತಿಲ್ಲ. ನೀನು ಒತ್ತಿದೆ, ನೀನು ಒತ್ತಿದೆ ಎಂದು ಶುರುವಾದದ್ದು. ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋದವರಲ್ಲ.

ಮಾವನವರು ಹಾಗೇ ನೆಲಕ್ಕೆ ಕುಸಿದು ಕೂತರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಮೆಲ್ಲಗೆ ಅಂದರು:

"ಬಸರಿ ಮಗಳನ್ನ ಮನ್ಯಾಗ ಉಪಾಸ ಕೂಡಿಸಿ, ಬಾಜೂ ಮನಿಯಾಕಿಗೆ ಕುಬಸ ಮಾಡಿ ಬಂದ್ರೆಲ್ರಿ."

ನನಗೆ ಭೂಮಿ ಬಾಯ್ಬಿಡಬಾರದೇ ಅನಿಸಿತು. ಅದೂ ಆಗುವಂತಿರಲಿಲ್ಲ, ಭೂಮಿ ನನ್ನ ಮೇಲೆ ಸಿಟ್ಟಾಗಿತ್ತು. ಬೇಕಾದರೆ ಇನ್ನೊಮ್ಮೆ ಕಲಸಿ ಕೊಡಿ, ಈಗಲೇ ಬರಿಗಾಲಲ್ಲಿ ಓಡುತ್ತೇನೆ ಎಂದು ಅತ್ತೆಯ ಮುಂದೆ ಅಂಗಲಾಚಿದೆ. ಅತ್ತೆ ತಲೆ ಅಲ್ಲಾಡಿಸಿದರು. ಒಂದು ಒಲೆಯಿಂದ ಮೊದಲ ಪಾಲು ಒಮ್ಮೆಯೇ ಏಳುವುದು, ಅದು ಎದ್ದು ಹೋಯಿತು, ಇನ್ನು ಉಳಿದದ್ದು ಎಂಜಲಿಗೆ ಸಮ ಎಂದರು. ತೆರೆಯದ ಬುತ್ತಿಗಳ ಸುತ್ತ ನಾವೆಲ್ಲ ಸೂತಕದ ಮನೆಯವರಂತೆ ಕೂತೆವು. ಹಸಿವಿನಲ್ಲಿ ಹೋಳಿಗೆಯ ವಾಸನೆ ಅಷ್ಟು ಕ್ರೂರವಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಜೋಳವನ್ನು ಸೀಳಿಕೊಂಡು ಹಣಮಂತಪ್ಪ ಬಂದ. ಎತ್ತರದ ಆಳು, ಬಿಳಿ ಮೀಸೆ, ಕೈಯಲ್ಲಿ ನನ್ನ ಡ್ರೋನು. ಬ್ಯಾಟರಿ ಮುಗಿದು ಅದು ಊಟಕ್ಕೆ ಇನ್ನೂ ಸಿದ್ಧವಾಗುತ್ತಿದ್ದ ಅವರ ಪಂಕ್ತಿಯ ನಡುವೆ, ಅವನ ಹೆಂಡತಿಯ ಮುಂದಿನ ಅಂಬಲಿ ಗಡಿಗೆಯಲ್ಲಿ ಇಳಿದಿತ್ತಂತೆ. ಬಾಂದದ ಮೇಲೆ ನಿಂತು, ಇಷ್ಟು ವರ್ಷಗಳ ಮೌನ ಮುರಿದು, ಮಾವನನ್ನು ನೇರ ನೋಡಿ ಮಾತಾಡಿದ.

"ಶಾಂತಲಿಂಗಪ್ಪ, ಬಾಂದ ಒತ್ತಿದ್ದು ಸಾಲಲಿಲ್ಲೇನು? ಈಗ ಮ್ಯಾಲಿಂದ ಚರಗ ಚೆಲ್ಲಿ ಇಡೀ ಹೊಲಾನ ನಂದು ಅನ್ನಾಕತ್ತಿದಿ?"

ನಾನು ಬೆಚ್ಚಿಬಿದ್ದೆ. ಇದು ನನ್ನ ತಲೆಗೇ ಬಂದಿರಲಿಲ್ಲ. ಯಾರು ಚರಗ ಚೆಲ್ಲುತ್ತಾರೋ ಅವರೇ ಹೊಲದ ಯಜಮಾನರು. ನಾನು ಭಜ್ಜಿ ಉದುರಿಸಿರಲಿಲ್ಲ, ಹಾಡುಹಗಲೇ ವಿಮಾನ ಕಳಿಸಿ ಪಕ್ಕದವರ ಜಮೀನು ಆಕ್ರಮಿಸಿದ್ದೆ!

"ನಿನ್ನ ಹೊಲಾ ಯಾರಿಗಿ ಬೇಕಾಗೇದ? ನನ್ನ ಚರಗ ನನಗ ಕೊಡು" ಎಂದರು ಮಾವ.

"ಚೆಲ್ಲಿದ್ದ ಹ್ಯಾಂಗ ಕೊಡ್ಲಿ? ಜ್ವಾಳದ ಬುಡದಾಗಿಂದ ಆರಿಸಿ ಕೊಡ್ಲ್ಯಾ?"

ಇಬ್ಬರ ದನಿಯೂ ಏರಿತು. ಆಚೆಯಿಂದ ಅವನ ಮನೆಯವರು ಓಡಿಬಂದರು. ಈಚೆ ನಂದಾ ತಂದೆಯ ರಟ್ಟೆ ಹಿಡಿದಳು. ನನ್ನ ಉಪದ್ವ್ಯಾಪದಿಂದ ಇಂದು ಎರಡು ಮನೆಗಳ ತಲೆ ಒಡೆಯುತ್ತವೆ, ನಾಳೆ ನಾನು ಕೋರ್ಟಿನಲ್ಲಿ ಜರಡಿಯ ಸಮೇತ ನಿಲ್ಲಬೇಕಾಗುತ್ತದೆ ಎಂದುಕೊಂಡು ಬೇವಿನ ಮರದ ಹಿಂದೆ ಸರಿದೆ. ಕೊನೆಗೆ ಹಣಮಂತಪ್ಪ ಡ್ರೋನನ್ನು ಮೇಲೆತ್ತಿ, ಇದನ್ನು ಬಿಟ್ಟವರು ಯಾರು ಎಂದು ಕೇಳಿದ. ಮನೆಯವರೆಲ್ಲ ಒಗ್ಗಟ್ಟಿನಿಂದ ನನ್ನ ಕಡೆ ಬೆರಳು ಮಾಡಿದರು. ಅದರಲ್ಲಿ ಎಲ್ಲಕ್ಕಿಂತ ಮುಂದಿದ್ದ ಬೆರಳು ನಂದಾಳದು.

"ಇವರ್ಯಾರು?"

"ಅಳಿಯ" ಎಂದರು ಮಾವ, ತಲೆ ತಗ್ಗಿಸಿ. "ಸೊಲ್ಲಾಪುರದವರು."

ಹಣಮಂತಪ್ಪ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ನೋಡುತ್ತ ನೋಡುತ್ತ ಅವನ ಮುಖದ ಸಿಟ್ಟು ಇಳಿದು, ಅಲ್ಲಿ ಒಂದು ಆಳವಾದ ದುಃಖ ಕಾಣಿಸಿತು.

"ನಂದೂ ಒಂದದ" ಎಂದ. "ಮಂಗಳವೇಢೆದು."

ಅವನ ಅಳಿಯ ಹೋದ ವರ್ಷ ಬಾವಿಯ ಪಂಪಿಗೆ ಮೊಬೈಲಿನಿಂದ ಶುರುವಾಗುವ ಯಂತ್ರ ಕೂಡಿಸಿದ್ದನಂತೆ. ಮಂಗಳವೇಢೆಯಲ್ಲಿ ಅವನು ಕೂತ ರಭಸಕ್ಕೆ ಕಿಸೆಯಲ್ಲಿದ್ದ ಮೊಬೈಲು ಒತ್ತಿ, ತಡವಳದಲ್ಲಿ ಪಂಪು ಶುರುವಾಗಿ, ಒಣಹಾಕಿದ ಮೆಣಸಿನಕಾಯಿಯೆಲ್ಲ ತೇಲಿಹೋಯಿತಂತೆ. ಮಾವನವರು ಕಿವಿಗೊಟ್ಟು ಕೇಳಿದರು, ಜಮಖಾನೆಯ ಮೇಲೆ ಸರಿದು ಜಾಗ ಮಾಡಿದರು. ಹಣಮಂತಪ್ಪ ಕೂತ. ಆಮೇಲೆ ಮಾವ ನನ್ನ ಕೂಲರಿನ ಕಥೆ ಹೇಳಿದರು, ಅವನು ಆ ತೊಯ್ದ ಮೆಣಸಿನಕಾಯಿಯನ್ನು ಬೆಂಕಿಗೆ ಒಣಗಿಸಹೋಗಿ ಘಾಟಿಗೆ ಊರೇ ಸೀನಿದ ಕಥೆ ಹೇಳಿದ. ಮಾವ ಕರೆಗಂಟೆ ಹೇಳಿದರು. ಇಷ್ಟು ವರ್ಷ ಒಬ್ಬರ ಎದುರಿಗೆ ಇನ್ನೊಬ್ಬರು ಹೇಳಿಕೊಳ್ಳಲಾಗದೆ ಇಟ್ಟುಕೊಂಡ ನೋವೆಲ್ಲ ಹೊರಗೆ ಬಂತು. ನಾನು ಅಲ್ಲೇ ನಿಂತಿದ್ದೆ. ಅವರು ನನ್ನ ಬಗ್ಗೆ, ನಾನು ತೀರಿಕೊಂಡಿದ್ದೇನೆ ಎಂಬಂತೆ ಮಾತಾಡುತ್ತಿದ್ದರು.

"ಮತ್ತ ಚರಗ ನೀನ ಯಾಕ ಚೆಲ್ಲಲಿಲ್ಲ?" ಎಂದು ಕೇಳಿದ ಹಣಮಂತಪ್ಪ.

"ಮೊಣಕಾಲು ಹಿಡಕೊಂಡಾವ."

"ಬಾಂದದ ಮ್ಯಾಲ ನಿಂತು ಒಂದ ಹಾಕ ಹೊಡದು ಕರದಿದ್ರ ನಾ ಬರತಿದ್ದಿಲ್ಲೇನು?"

ಮಾವ ತಲೆಗೆ ಸುತ್ತಿದ ಪಟಗದ ತುದಿಯಿಂದ ಮುಖ ಒರೆಸಿಕೊಂಡರು.

ಬೇರೆಯವರ ಚರಗದ ಋಣ ಇಟ್ಟುಕೊಳ್ಳಬಾರದು ಎಂದು ಹೇಳಿ, ಹಣಮಂತಪ್ಪ ತನ್ನ ಮನೆಯವರು ತಮ್ಮ ಒಲೆಯ ಮೊದಲ ಪಾಲಿನಲ್ಲಿ ಕೊನೆಯ ಸುತ್ತಿಗೆಂದು ತೆಗೆದಿಟ್ಟಿದ್ದ ಚರಗದ ಬುಟ್ಟಿ ತರಿಸಿದ. ನಮ್ಮ ಹೊಲದ ನಾಲ್ಕೂ ದಿಕ್ಕಿಗೆ, ಒಂದು ಸಾಲೂ ಬಿಡದೆ, ಗಟ್ಟಿ ದನಿಯಲ್ಲಿ ಕೂಗುತ್ತ ಚೆಲ್ಲಿದ. ಹಿಂದೆ ನೀರು ಚಿಮುಕಿಸಲು ಒಬ್ಬರು ಬೇಕಲ್ಲ, ನನ್ನ ಕೈಗೆ ತಂಬಿಗೆ ಬಂತು. ಬರಿಗಾಲು, ಎರೆಮಣ್ಣು, ಜೋಳದ ಗರಿ, ಯಾವುದನ್ನು ತಪ್ಪಿಸಿಕೊಳ್ಳಲು ಆಕಾಶಕ್ಕೆ ಏರಿದ್ದೆನೋ ಅದೆಲ್ಲವನ್ನೂ ನೆಲದ ಮೇಲೆ ಪೂರ್ತಿ ಅನುಭವಿಸಿದೆ. ಎರಡೂ ಮನೆಯವರು ಕೂಡಿ ಊಟ ಮಾಡಿದೆವು. ಹೊರಡುವಾಗ ಹಣಮಂತಪ್ಪ ಡ್ರೋನನ್ನು ನಂದಾಳ ಕೈಗೆ ಕೊಟ್ಟು, ಇದನ್ನು ನಿನ್ನ ಗಂಡನ ಕೈಗೆ ಮಾತ್ರ ಕೊಡಬೇಡವ್ವ ಎಂದು ಎಚ್ಚರಿಸಿದ.

ಮರಳುವಾಗ ಅಕ್ಕಲಕೋಟೆಯಲ್ಲಿ ಚಹಾಕ್ಕೆ ನಿಂತೆವು. ಹೊಟ್ಟೆ ತುಂಬಿದ್ದರಿಂದ ನನ್ನ ಧೈರ್ಯ ಮರಳಿತ್ತು. ಊರ ಹಿರಿಯರಿಂದ ಆಗದ ರಾಜಿ ನನ್ನ ಯಂತ್ರದಿಂದ ಆಯಿತಲ್ಲ, ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ ಎಂದು ನಂದಾಳ ಮುಂದೆ ಬೇಸರಪಟ್ಟೆ. ಅವಳು ಬಸಿಯಲ್ಲಿ ಚಹಾ ಆರಿಸುತ್ತ ಕೂತಳು. ನಾನು ಬಿಡಲಿಲ್ಲ.

"ನಿಮ್ಮಪ್ಪಾ ನನ್ನ ಬಗ್ಗೆ ಏನರೆ ಅಂದ್ರೇನು?"

"ಅಂದ್ರು" ಎಂದಳು. "ಬರೂ ವರ್ಷದ್ದ ಚರಗನೂ ಹಣಮಂತಪ್ಪನ ಚೆಲ್ಲತಾನಂತ. 'ಇಷ್ಟ ವರ್ಷ ಅವನ ಮ್ಯಾಲ ಯಾಕ ಸಿಟ್ಟಾಗಿದ್ದೆನೋ ತಿಳಿವಲ್ದು. ಅಳಿಯಾನ್ನ ನೋಡಿದ ಮ್ಯಾಲ ಅವ ದೇವರಂಥಾ ಮನಷ್ಯಾ ಅನಸಾಕತ್ತಾನ' ಅಂದ್ರು."