ಮೊಮ್ಮಗಳ ಸ್ನಾನವೂ ನನ್ನ ಸೊಂಟವೂ

ಇವತ್ತು ಬೆಳಿಗ್ಗೆ ನನ್ನ ಮೊಮ್ಮಗಳಿಗೆ ನಾನೇ ಎರೆದೆ. ಕಾಲು ನೀಡಿ ಕೂತು, ಒಂದೂವರೆ ತಿಂಗಳ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಬಿಸಿನೀರು ಬಿದ್ದಾಗ ಅವಳು ತೆಗೆದ ರಾಗವನ್ನು ಕಿವಿತುಂಬ ಕೇಳಿದೆ. ಮೊದಲು ಈ ಸುದ್ದಿ ಹೇಳಿಬಿಡಬೇಕು. ಸಿಟ್ಟಿನ ವಿಷಯ ಆಮೇಲೆ ಇದ್ದೇ ಇದೆ.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಆದರೂ ಅಜ್ಜಂಪುರದ ಸುತ್ತಮುತ್ತ ಯಾರಿಗೆ ಸೊಂಟ ಹಿಡಿದರೂ ನಮ್ಮ ಜಗಲಿಗೇ ಬರುತ್ತಾರೆ. ಯಾಕೆಂದರೆ ನಾನು ಕಾಲು ಮುಂದಾಗಿ ಹುಟ್ಟಿದವಳು. ಅಂಥವರ ಕಾಲು ತಾಗಿದರೆ ಉಳುಕು ಬಿಡುತ್ತದೆ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಬಂದವರನ್ನು ಬೋರಲು ಮಲಗಿಸಿ, ಬಲಗಾಲಲ್ಲಿ ನಿಂತು, ಎಡಗಾಲಿನಿಂದ ಬೆನ್ನನ್ನು ಮೂರು ಸಲ ನೀವಿ ಕಳಿಸುತ್ತೇನೆ. ನಲವತ್ತು ವರ್ಷದಿಂದ ಮೇಷ್ಟ್ರು, ಪೊಲೀಸರು, ಕೊನೆಗೆ ಒಬ್ಬ ಡಾಕ್ಟರ ಮಾವ, ಯಾರ ಬೆನ್ನನ್ನೂ ಈ ಕಾಲು ಬಿಟ್ಟಿಲ್ಲ. ಅಂಥ ನನ್ನ ಸೊಂಟವೇ, ಮಗಳ ಬಾಣಂತನದ ಹೊತ್ತಿಗೆ ಸರಿಯಾಗಿ, ಕೂಸಿಗೆ ಎರೆದು ಏಳುವಾಗ ಹಿಡಿದುಕೊಳ್ಳಬೇಕೆ? ನನ್ನ ಕಾಲು ನನ್ನ ಬೆನ್ನಿಗೆ ಎಟುಕುವುದಿಲ್ಲ. ದೇವರು ಈ ವಿಷಯ ಪೂರ್ತಿ ಯೋಚನೆ ಮಾಡಿರಲಿಲ್ಲ.

ಮರುದಿನವೇ ಪಕ್ಕದ ಮನೆಯಲ್ಲಿರುವ ನನ್ನ ವಾರಗಿತ್ತಿ ರುದ್ರಮ್ಮ ಸೆರಗು ಸಿಕ್ಕಿಸಿಕೊಂಡು ಬಚ್ಚಲಿಗೆ ನುಗ್ಗಿದಳು. "ನೀನು ಮಲ್ಕಳಕ್ಕ, ನಾನು ಎರೀತೀನಿ. ವಯಸ್ಸಾಯ್ತಲ್ಲ" ಎಂದಳು. ನನಗಿಂತ ಎರಡೇ ವರ್ಷ ಚಿಕ್ಕವಳು ಅವಳು. ಹತ್ತು ದಿನ ಗೋಡೆಯ ಈಚೆ ಮಲಗಿ ಕೂಸಿನ ಅಳು ಕೇಳುತ್ತಾ ಹಲ್ಲು ಕಡಿದೆ.

ಮಗಳು ಶ್ವೇತ ಫೋನಿನಲ್ಲಿ ಹುಡುಕಿದಳು. "ಅಮ್ಮ, ತರೀಕೆರೇಲಿ ಆಸ್ಟಿಯೋಪಥಿ ಡಾಕ್ಟ್ರು ಅವ್ರೆ. ಮಾತ್ರೆ ಇಲ್ಲ, ಸೂಜಿ ಇಲ್ಲ, ಕೈಯಲ್ಲೇ ಸರಿ ಮಾಡ್ತಾರಂತೆ."

"ಕೈಯಲ್ಲಾ? ನಾನು ಕಾಲಲ್ಲೇ ಮಾಡ್ತೀನಿ" ಎಂದೆ. ಆದರೂ ಅಳಿಯನ ಜೊತೆ ಬಸ್ಸು ಹತ್ತಿದೆ.

ತರೀಕೆರೆಯಲ್ಲಿ ಕೇಳಿದವರೆಲ್ಲ ಮೂಳೆ ಆಸ್ಪತ್ರೆಯ ದಾರಿ ತೋರಿಸಿದರು. ಒಬ್ಬ ಆಟೋದವನು ನನ್ನ ನಡಿಗೆ ನೋಡಿ ಮರುಗಿ, "ಅಜ್ಜಿ, ಇಲ್ಯಾಕೆ ಅಲೀತೀರಾ? ಅಜ್ಜಂಪುರದ ಕಡೆ ಕಾಲಲ್ಲಿ ಬೆನ್ನು ನೀವೋ ಅಮ್ಮ ಒಬ್ರು ಅವ್ರಂತೆ, ಅಲ್ಲಿಗೋಗಿ" ಎಂದ. ಅಳಿಯ ಮುಖ ಆಚೆ ತಿರುಗಿಸಿಕೊಂಡ. ಅವನ ಭುಜ ಅಲುಗುತ್ತಿದ್ದುದು ನನಗೆ ಕಾಣಲಿಲ್ಲ ಎಂದುಕೊಂಡಿದ್ದಾನೆ.

ಕೊನೆಗೆ ಸಿಕ್ಕಿತು, ಬಟ್ಟೆ ಅಂಗಡಿಯ ಮಹಡಿ ಮೇಲೆ. ಸೊಂಟ ಹಿಡಿದವರು ಮೆಟ್ಟಿಲು ಹತ್ತಬೇಕು! ಒಳಗಿದ್ದ ಡಾಕ್ಟರು ಶ್ವೇತಳಿಗಿಂತ ಚಿಕ್ಕ ಹುಡುಗಿ. ಸೊಂಟ ಎಂದರೆ ಪಾದ ಹಿಡಿದಳು, ಪಾದ ಬಿಟ್ಟು ಕತ್ತಿಗೆ ಹೋದಳು. "ಸೊಂಟ ನಡುವೆ ಬತ್ತದೆ ಕಣಮ್ಮ" ಎಂದು ದಾರಿ ತೋರಿಸಿದೆ. ಏನು ಕೆಲಸ ಮಾಡುತ್ತೀರಿ ಎಂದು ಕೇಳಿದಳು. ನಾವಿಬ್ಬರೂ ಒಂದೇ ಕಸುಬಿನವರು ಎಂಬ ಸಲಿಗೆಯಲ್ಲಿ ಎಲ್ಲ ಹೇಳಿದೆ. ನಿಂತು ತೋರಿಸಿ ಎಂದಳು, ತೋರಿಸಿದೆ.

"ಅಜ್ಜಿ, ನಲವತ್ತು ವರ್ಷ ಒಂದೇ ಕಾಲಲ್ಲಿ ನಿಂತೂ ನಿಂತೂ ನಿಮ್ಮ ಸೊಂಟ ಬಲಕ್ಕೆ ವಾಲಿದೆ. ಇನ್ಮೇಲೆ ಯಾರಿಗೂ ನೀವೋಕೆ ಹೋಗ್ಬೇಡಿ."

ಊರಿಗೆಲ್ಲ ವಾಸಿ ಮಾಡಿದ್ದೇ ನನಗೆ ರೋಗವಂತೆ. ಮೈಯೆಲ್ಲ ಉರಿದುಹೋಯಿತು. ಆದರೂ ಹಲ್ಲು ಕಚ್ಚಿಕೊಂಡು ಒಂದೇ ಮಾತು ಕೇಳಿದೆ: "ಕೂಸಿಗೆ ಎರೀಬೋದಾ?"

"ಗೋಡೆಗೆ ಒರಗಿ ಕೂತು ಎರೀರಿ. ಆದ್ರೆ ಕೂಸನ್ನ ಎತ್ತಿ ಕೊಡೋಕೆ, ನೀರು ಹೊಯ್ಯೋಕೆ ಇನ್ನೊಬ್ರು ಬೇಕು."

ಎರಡು ಸಲ ಹೋಗಿ ಬಂದ ಮೇಲೆ ಸೊಂಟ ಬಿಟ್ಟಿತು. ಅದನ್ನು ಒಪ್ಪಿಕೊಳ್ಳುವುದಕ್ಕೂ ಸಿಟ್ಟು ಬರುತ್ತದೆ. ಬಾಣಂತಿಯ ಕೈಯಲ್ಲಿ ಹಂಡೆಯ ನೀರು ತೋಡಿಸಲಾಗುತ್ತದೆಯೇ? ಇನ್ನೊಬ್ಬರು ಎಂದರೆ ರುದ್ರಮ್ಮನೇ. ಇವತ್ತು ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ನಿಂತು, "ಲೇ ರುದ್ರಿ, ನೀರು ಹೊಯ್ತೀಯಾ?" ಎಂದೆ. ಮಾತು ಮುಗಿಯುವ ಮೊದಲೇ ಬಂದಳು. ಪ್ರತಿ ಚೊಂಬಿನ ನೀರನ್ನೂ ತನ್ನ ಮೊಣಕೈಗೆ ಬಿಟ್ಟು ನೋಡಿಯೇ ಹೊಯ್ದಳು. "ಕೂಸಿನ ಮೂಗು ನೆಟ್ಟಗಾಗೋ ಹಂಗೆ ತೀಡೋದು ನಂಗೆ ಬರಲ್ಲಕ್ಕ. ನೀನೇ ತೀಡ್ಲಿ ಅಂತ ಬಿಟ್ಟಿದ್ದೆ" ಎಂದಳು.

ರಾತ್ರಿ ಊಟಕ್ಕೆ ಅವಳ ಮನೆಯವರೂ ನಮ್ಮ ಮನೆಯವರೂ ಒಟ್ಟಿಗೆ ಕೂತೆವು. ಮುದ್ದೆ, ಅವರೆಕಾಳು ಸಾರು. ಅಳಿಯ, "ಕೂಸು ಇವತ್ತು ಸೊಗಸಾಗಿ ನಿದ್ದೆ ಮಾಡ್ತು. ಯಾರು ಎರೆದಿದ್ದು?" ಎಂದು ಕೇಳಿದ. ನಾನು ಬಾಯಿ ತೆರೆಯುವುದರೊಳಗೆ ರುದ್ರಮ್ಮ, "ಅಕ್ಕನೇ ಕಣಪ್ಪ. ನಾನು ಬರೀ ನೀರು ಹೊಯ್ದೆ" ಎಂದುಬಿಟ್ಟಳು.

ಅವಳಿಗೆಂದು ಹತ್ತು ದಿನ ಕೂಡಿಟ್ಟ ಸಿಟ್ಟನ್ನು ಈಗ ಎಲ್ಲಿ ಇಡುವುದು? ಎಲ್ಲವನ್ನೂ ಆ ಡಾಕ್ಟರ ಹುಡುಗಿಯ ಮೇಲೆ ಹೊರಿಸಿ, ಇನ್ನೊಂದು ಮುದ್ದೆ ಹಾಕಿಸಿಕೊಂಡೆ.